ಬಾಯಲ್ಲಿರುವ ಬ್ಯಾಕ್ಟೀರಿಯಾ ಕರುಳಿನ ಕ್ಯಾನ್ಸರ್ ಕೋಶಕ್ಕೇ ಹೋಗಿ ಅಂಟಿಕೊಳ್ಳುವುದು ಹೇಗೆ?

ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಕಡೆ ಅಡ್ಡಾಡಿ ಬಂದರೆ ಪ್ಯಾಂಟಿಗೆ ಉತ್ತರಾಣಿ ಬೀಜ ಅಂಟಿಕೊಂಡಿರುತ್ತದೆ ಅಲ್ವಾ? ಚಪ್ಪಲಿಯ ನುಣುಪು ರಬ್ಬರಿಗೆ ಅಂಟುವುದಿಲ್ಲ, ಅದಕ್ಕೆ ಬಟ್ಟೆಯ ನೂಲೇ ಬೇಕು. ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನೂ ಹಾಗೇ, ಸುಮ್ನೆ ಎಲ್ಲೆಂದರಲ್ಲಿ ಕೂರುವುದಿಲ್ಲ.

ಈ ಬ್ಯಾಕ್ಟೀರಿಯಾದ ಹೆಸರು ಫ್ಯುಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ, ಇರುವುದು ಹಲ್ಲು-ವಸಡಿನ ಸಂದಿಯಲ್ಲಿ. ಅದರ ಮೇಲೆ ಫ್ಯಾಪ್2 ಎಂಬ ದೊಡ್ಡ ಪ್ರೋಟೀನ್ ಇದೆ. ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳ ಹೊರಮೈಯಲ್ಲಿ ಗ್ಯಾಲ್-ಗ್ಯಾಲ್‌ನ್ಯಾಕ್ ಎಂಬ ಸಕ್ಕರೆ (ಚಹಾಕ್ಕೆ ಹಾಕುವ ಸಕ್ಕರೆ ಅಲ್ಲ!) ಜಾಸ್ತಿ ಇರುತ್ತದೆ, ಫ್ಯಾಪ್2 ಹಿಡಿಯುವುದು ಅದನ್ನೇ. ಇಲಿಗಳ ರಕ್ತಕ್ಕೆ ಈ ಬ್ಯಾಕ್ಟೀರಿಯಾ ಬಿಟ್ಟು ನೋಡಿದಾಗ ಅದು ಗಡ್ಡೆಯ ತನಕ ಹೋಗಿ ಸೇರಿತು, ಫ್ಯಾಪ್2 ಕೆಟ್ಟಿದ್ದ ತಳಿ ಅಷ್ಟಾಗಿ ಸೇರಲಿಲ್ಲ. ಇದಲ್ಲದೆ ಅದರ ಮೇಲೆ ಫ್ಯಾಡ್‌ಎ ಅಂತ ಇನ್ನೊಂದು ಪ್ರೋಟೀನ್ ಇದೆ. ಅದು ಕೋಶಗಳನ್ನು ಪರಸ್ಪರ ಬೆಸೆಯುವ ಇ-ಕ್ಯಾಡ್‌ಹೆರಿನ್‌ಗೆ ಅಂಟಿ, ಬೆಳೆಯುವ ಸಂಕೇತವನ್ನೇ ಜೋರು ಮಾಡುತ್ತದೆ.

ನನಗೆ ನಿಜಕ್ಕೂ ಆಶ್ಚರ್ಯ ಎನಿಸಿದ್ದು ಮುಂದಿನದು. ಕ್ಯಾನ್ಸರ್ ಕೋಶವನ್ನು ಕೊಲ್ಲಲು ಬರುವ ಎನ್‌ಕೆ ಕೋಶ ಮತ್ತು ಟಿ ಕೋಶಗಳ (ಇವು ದೇಹವನ್ನು ಕಾಯುವ ರೋಗನಿರೋಧಕ ಕೋಶಗಳು) ಮೇಲೆ ಟಿಜಿಟ್ ಎಂಬ ಬ್ರೇಕ್ ಇರುತ್ತದೆ, ನಮ್ಮದೇ ಒಳ್ಳೆಯ ಕೋಶಗಳನ್ನು ಕೊಲ್ಲಬಾರದು ಅಂತ. ಅದೇ ಫ್ಯಾಪ್2 ಈ ಬ್ರೇಕನ್ನೂ ಒತ್ತಿಬಿಡುತ್ತದೆ, ಕಾವಲುಗಾರ ಗಡ್ಡೆಯ ಪಕ್ಕದಲ್ಲೇ ನಿಂತಿದ್ದರೂ ಕೈ ಎತ್ತುವುದಿಲ್ಲ. ಇದು 2015ರಲ್ಲಿ ಗೊತ್ತಾದ ವಿಷಯ. ಸಿಬಿಪಿಎಫ್ ಎಂಬ ಮತ್ತೊಂದು ಪ್ರೋಟೀನ್ ಸಿಯಾಕ್ಯಾಮ್1 ಎಂಬ ಬೇರೆ ಬ್ರೇಕನ್ನು ಒತ್ತುತ್ತದೆ.

ಹಾಗಂತ ವಸಡು ಊದಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಅಂತ ಹೆದರಬೇಡಿ, ಈ ಬ್ಯಾಕ್ಟೀರಿಯಾ ಆರೋಗ್ಯವಾಗಿರುವವರ ಬಾಯಲ್ಲೂ ಇರುತ್ತದೆ.