ರೋಟರಿ ಕ್ಲಬ್ ವಾರವಾರವೂ ಸಭೆ ಸೇರುವುದೇಕೆ? ಸೇವಾಕಾರ್ಯಕ್ಕೂ ಅದಕ್ಕೂ ಸಂಬಂಧವೇನು?

ಸಭೆ ಸೇರುವುದರ ಗುರುತು ರೋಟರಿಯ ಹೆಸರಿನಲ್ಲೇ ಇದೆ. 1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಮೂವರು ಪರಿಚಿತರೊಡನೆ ಆರಂಭಿಸಿದ ಈ ಕೂಟವು ಸರದಿಯಂತೆ ಒಬ್ಬೊಬ್ಬ ಸದಸ್ಯರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ, ಸುತ್ತುವುದು ಎಂಬ ಅರ್ಥದ ಆ ಹೆಸರು ಬಂತು. ಮೊದಲಿಗೆ ಅದರ ಉದ್ದೇಶ ಸ್ನೇಹ ಮತ್ತು ಪರಸ್ಪರ ವ್ಯಾಪಾರವೇ ಆಗಿತ್ತು. ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವ ಪ್ರಯತ್ನದೊಂದಿಗೆ ಅದು ಸೇವೆಯತ್ತ ಹೊರಳಿತು.

ಇಂದಿನ ಸಭೆಯಲ್ಲಿ ಅಧ್ಯಕ್ಷರು ಗಂಟೆ ಬಾರಿಸಿದ ಬಳಿಕ ಕಾರ್ಯದರ್ಶಿಯ ಪ್ರಕಟಣೆ, ಅತಿಥಿಯ ಉಪನ್ಯಾಸ, ಊಟ ಇರುತ್ತವೆ. ಹೊರಗಿನವರಿಗೆ ಇದು ಬರಿಯ ಊಟದ ಕೂಟವೆಂದು ತೋರಬಹುದು, ಕೆಲವೆಡೆ ಆ ಆಕ್ಷೇಪ ಸುಳ್ಳೂ ಅಲ್ಲ. ಆದರೆ ನೇತ್ರ ತಪಾಸಣಾ ಶಿಬಿರಕ್ಕೆ ಬೇಕಾದ ವೈದ್ಯರು, ಶಾಮಿಯಾನದವರು, ಲೆಕ್ಕಪತ್ರ ಬಲ್ಲವರು ಒಂದೇ ಮೇಜಿನ ಸುತ್ತ ಸಿಗುವುದರಿಂದ, ಬೇರೆಡೆ ತಿಂಗಳು ಹಿಡಿಯುವ ಏರ್ಪಾಡು ಇಲ್ಲಿ ಊಟ ಮುಗಿಯುವುದರೊಳಗೆ ಆಗಿಬಿಡುತ್ತದೆ. 1985ರಲ್ಲಿ ರೋಟರಿ ಆರಂಭಿಸಿದ ಪೋಲಿಯೊ ನಿರ್ಮೂಲನ ಅಭಿಯಾನಕ್ಕೆ ಭಾರತದ ಊರೂರುಗಳಲ್ಲಿ ಸ್ವಯಂಸೇವಕರು ಒದಗಿದ್ದು ಇಂಥ ಕ್ಲಬ್‌ಗಳಿಂದಲೇ. 2014ರ ಮಾರ್ಚ್‌ನಲ್ಲಿ ನಮ್ಮ ದೇಶವು ಪೋಲಿಯೊಮುಕ್ತವೆಂದು ಪ್ರಮಾಣೀಕೃತವಾಯಿತು.

ಅಂದಹಾಗೆ, 2016ರ ನಿಯಮ ಸಡಿಲಿಕೆಯ ನಂತರ ವಾರದ ಸಭೆ ಕಡ್ಡಾಯವಲ್ಲ. ತಿಂಗಳಿಗೆ ಕನಿಷ್ಠ ಎರಡು ಸಭೆ ಸಾಕು.