ಮಗು, ಲಗೇಜು, ಏಳು ಕೆಜಿ: ಮತ್ತೆ ಅದೇ ಪ್ರಶ್ನೆ

ಬೇಸಿಗೆ ರಜೆ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಇದೇ ವಿಷಯ: ಮಗು ಜೊತೆ ವಿಮಾನ ಹತ್ತುವಾಗ ಕೈಚೀಲದಲ್ಲಿ ಎಷ್ಟು, ಏನು ಒಯ್ಯಬಹುದು? ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕೌಂಟರ್ ಹಿಂದೆ ನಿಂತು ಕೆಲಸ ಮಾಡಿದವಳು ನಾನು. ಈಗ ಚಿಕ್ಕಬಳ್ಳಾಪುರದಲ್ಲಿ ಟಿಕೆಟ್ ಬುಕಿಂಗ್ ನೋಡಿಕೊಳ್ಳುತ್ತೇನೆ. ಬೋರ್ಡಿಂಗ್ ಪಾಸ್ ಎಲ್ಲಿ ಸಿಗುತ್ತೆ, ಯಾವ ಐಡಿ ತರಬೇಕು ಅನ್ನೋದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಟಿಕೆಟ್ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ, ಓದಿ.

ತುಮಕೂರಿನ ಒಬ್ಬ ತಾಯಿ: ಯಜಮಾನರು ದೆಹಲಿಯಲ್ಲಿದ್ದಾರೆ. ಹತ್ತು ತಿಂಗಳ ಮಗ, ನಾಲ್ಕು ವರ್ಷದ ಮಗಳ ಜೊತೆ ಒಬ್ಬಳೇ ಹೋಗುತ್ತಿದ್ದೇನೆ. ಚೆಕ್-ಇನ್ ಲಗೇಜ್ ಇಲ್ಲದ ಅಗ್ಗದ ಟಿಕೆಟ್ ತಗೊಂಡಿದ್ದೀವಿ. ಒಬ್ಬರಿಗೆ 7 ಕೆಜಿಯಂತೆ ಮೂವರಿಗೆ 21 ಕೆಜಿ ಒಳಗೇ ಒಯ್ಯಬಹುದು ಅಲ್ವಾ?

ಲೆಕ್ಕ ಸರಿ ಇದೆ ತಂಗಿ, ಆದರೆ ಆ 21 ಕೆಜಿ ಎತ್ತೋರು ಯಾರು? ಒಂದು ಕೈಯಲ್ಲಿ ಮಗ, ಇನ್ನೊಂದು ಕೈಯಲ್ಲಿ ಮಗಳು. ಮೂರು ಚೀಲಕ್ಕೆ ನಿಮಗೆ ಮೂರನೇ ಕೈ ಇಲ್ಲ. ಸೀಟಿನ ಮೇಲಿನ ಗೂಡಿಗೆ ಚೀಲ ಎತ್ತಿಡುವಾಗ ಹಿಂದೆ ಜನ ಸಾಲಾಗಿ ನಿಂತಿರುತ್ತಾರೆ, ಮಗು ಕಿರುಚುತ್ತಿರುತ್ತೆ.

ಲೆಕ್ಕ ಕೂಡ ಪೂರ್ತಿ ಸರಿ ಅಂತ ಹೇಳಲಾರೆ. ಎರಡು ವರ್ಷ ತುಂಬದ ಮಗು ಮಡಿಲಲ್ಲಿ ಕೂರುತ್ತೆ, ಅದಕ್ಕೆ ಸೀಟಿಲ್ಲ. ಅದರ ಪಾಲಿನ ಲಗೇಜ್ ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ಅದನ್ನು ಸೊನ್ನೆ ಅಂತಲೇ ಇಟ್ಟುಕೊಂಡು ಹೊರಡಿ. ಸಿಕ್ಕರೆ ಲಾಭ. ಇಂಡಿಗೋದಲ್ಲಿ 55×35×25 ಸೆಂ.ಮೀ. ಅಳತೆಯೊಳಗಿನ 7 ಕೆಜಿ ಚೀಲದ ಜೊತೆ 3 ಕೆಜಿವರೆಗಿನ ಹ್ಯಾಂಡ್‌ಬ್ಯಾಗ್ ಬೇರೆ ಬಿಡುತ್ತಾರೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಎರಡೂ ಸೇರಿ 7 ಕೆಜಿ. ಪಕ್ಕದ ಮನೆಯವರು ಹೋದ ವರ್ಷ ಏನು ಒಯ್ದರು ಅನ್ನೋದು ನಿಮ್ಮ ಟಿಕೆಟ್‌ಗೆ ಲೆಕ್ಕಕ್ಕಿಲ್ಲ.

ಹಾಗಾಗಿ ಇವತ್ತೇ ಆನ್‌ಲೈನ್‌ನಲ್ಲಿ ಚೆಕ್-ಇನ್ ಲಗೇಜ್‌ಗೆ ದುಡ್ಡು ಕಟ್ಟಿ. ಕೌಂಟರ್‌ಗೆ ಬಂದ ಮೇಲೆ ಕೇಳಿದರೆ ಜಾಸ್ತಿ ಬೀಳುತ್ತೆ. ಟಿಕೆಟ್‌ನಲ್ಲಿ ಉಳಿಸಿದ್ದು ಅಲ್ಲೇ ಹೋಗುತ್ತೆ. ಬಟ್ಟೆ, ರಾಗಿ ಹಿಟ್ಟು, ಎಣ್ಣೆ ತೇಲುವ ಉಪ್ಪಿನಕಾಯಿ, ಅತ್ತೆ ಕೊಟ್ಟ ಪಾತ್ರೆ, ಎಲ್ಲ ಅದಕ್ಕೇ ಹಾಕಿ.

ಒಳಗೆ ಒಯ್ಯಬೇಕಾದ್ದು ದಾರಿಯಲ್ಲಿ ಬೇಕಾಗುವುದಷ್ಟೇ. ದಾರಿ ಅಂದರೆ ವಿಮಾನದ ಮೂರು ಗಂಟೆ ಅಂದುಕೊಳ್ಳಬೇಡಿ. ತುಮಕೂರಿನ ಮನೆ ಬಾಗಿಲಿಂದ ದೆಹಲಿ ಮನೆ ಬಾಗಿಲಿಗೆ ಒಂಬತ್ತು ಗಂಟೆಯಾದರೂ ಹಿಡಿಯುತ್ತೆ. (ಬರುವಾಗ ಬೆಂಗಳೂರು ಒಳಗೆ ನುಗ್ಗಬೇಡಿ. ಡಾಬಸ್‌ಪೇಟೆ, ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿಗೆ ಬನ್ನಿ.) ಮೂರು ಗಂಟೆಗೆ ಒಂದರಂತೆ ಡಯಾಪರ್ ಮೂರು, ವಿಮಾನ ತಡವಾದರೆ ಅಂತ ಇನ್ನೂ ಮೂರು. ಮಕ್ಕಳಿಗೆ ಎರಡೆರಡು ಜೊತೆ ಬಟ್ಟೆ. ನಿಮಗೂ ಒಂದು ಟಾಪ್ ಇರಲಿ, ಮಗು ವಾಂತಿ ಮಾಡುವುದು ಅದರ ಬಟ್ಟೆ ಮೇಲಲ್ಲ, ನಿಮ್ಮ ಮೇಲೆ. ಒದ್ದೆ ಬಟ್ಟೆಗೆ ನಾಲ್ಕು ಪ್ಲಾಸ್ಟಿಕ್ ಕವರ್. ಹಾಲಿನ ಪುಡಿ ಕೊಡುವವರಾದರೆ ಒಂದೊಂದು ಸಲಕ್ಕೆ ಎಷ್ಟು ಬೇಕೋ ಅಷ್ಟನ್ನೇ ಅಳೆದು ಬೇರೆ ಬೇರೆ ಡಬ್ಬಿಗೆ ಹಾಕಿ, ಬಿಸಿನೀರು ಫ್ಲಾಸ್ಕ್‌ನಲ್ಲಿ. ಮಗುವಿನ ಹಾಲು, ಆಹಾರ, ಔಷಧಿಯನ್ನು ದಾರಿಗೆ ಬೇಕಾದಷ್ಟು ಬಿಡುತ್ತಾರೆ. ಸೆಕ್ಯುರಿಟಿಯಲ್ಲಿ ಚೀಲದಿಂದ ತೆಗೆದು ಬೇರೆ ಟ್ರೇಯಲ್ಲಿಡಿ, ಮಗುವಿಗೆ ಅಂತ ಮೊದಲೇ ಹೇಳಿ.

ಇದನ್ನೆಲ್ಲ ಟ್ರಾಲಿಗೆ ತುಂಬಬೇಡಿ. ಗಟ್ಟಿ ಟ್ರಾಲಿ ಬ್ಯಾಗ್ ಖಾಲಿ ಇದ್ದಾಗಲೇ 2.5ರಿಂದ 3 ಕೆಜಿ ತೂಗುತ್ತೆ. ನಿಮ್ಮ 7 ಕೆಜಿಯಲ್ಲಿ ಅರ್ಧದ ಹತ್ತಿರ ಚಕ್ರಕ್ಕೂ ಹಿಡಿಗೂ ಹೋಯಿತು. ಬೆನ್ನಿಗೆ ಹಾಕೋ ಬಟ್ಟೆ ಚೀಲ ಸಾಕು. ಮಗು ಎದೆಗೆ ಕಟ್ಟಿಕೊಳ್ಳೋ ಕ್ಯಾರಿಯರ್‌ನಲ್ಲಿರಲಿ. ತಳ್ಳುಗಾಡಿ ನಂಬಿ ಬರಬೇಡಿ. ವಿಮಾನದ ಹತ್ತಿರದವರೆಗೆ ತರಲು ಬಿಟ್ಟರೂ ಅಲ್ಲಿ ಕೆಳಗಿನ ಲಗೇಜ್ ಜಾಗಕ್ಕೆ ಹೋಗುತ್ತೆ. ಇಳಿದ ಮೇಲೆ ಎಷ್ಟೋ ಸಲ ಬೆಲ್ಟ್ ಹತ್ತಿರವೇ ಸಿಗೋದು. ಬಸ್ಸು, ಮೆಟ್ಟಿಲು ಎಲ್ಲ ಮಗುವನ್ನು ಎತ್ತಿಕೊಂಡೇ ದಾಟಬೇಕು.

ಆ ಚೀಲದೊಳಗೇ ಇನ್ನೊಂದು ಪುಟ್ಟ ಚೀಲ ಇಡಿ. ಒಂದು ಡಯಾಪರ್, ವೈಪ್ಸ್, ಹಾಲಿನ ಬಾಟಲಿ, ಔಷಧಿ, ಕಾಗದಪತ್ರ, ಪವರ್ ಬ್ಯಾಂಕ್. ಸೀಟಿಗೆ ಬಂದ ತಕ್ಷಣ ಅದನ್ನು ಹೊರಗೆ ತೆಗೆದು ಮುಂದಿನ ಸೀಟಿನ ಕೆಳಗೆ ತಳ್ಳಿ. ಬೆಲ್ಟ್ ದೀಪ ಹತ್ತಿರುವಾಗ ಎದ್ದು ಮೇಲಿನ ಗೂಡು ತೆಗೆಯುವಂತಿಲ್ಲ, ಮಗು ಮಾತ್ರ ಸರಿಯಾಗಿ ಆಗಲೇ ಕೊಳೆ ಮಾಡಿಕೊಳ್ಳುತ್ತೆ. ಮಕ್ಕಳಿದ್ದಾರೆ ಅಂತ ಜಾಸ್ತಿ ದುಡ್ಡು ಕೊಟ್ಟು ಮೊದಲ ಸಾಲಿನ ಸೀಟು ತಗೊಳ್ಳೋರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತೆ. ಅಲ್ಲಿ ಮುಂದೆ ಸೀಟೇ ಇರುವುದಿಲ್ಲ. ವಿಮಾನ ಏರುವಾಗ, ಇಳಿಯುವಾಗ ಪುಟ್ಟ ಚೀಲವೂ ಮೇಲಕ್ಕೇ ಹೋಗಬೇಕು.

ಪುಟ್ಟ ಚೀಲಕ್ಕೆ ಇನ್ನೂ ಒಂದು ಕಾರಣವಿದೆ. ವಿಮಾನ ತುಂಬಿದ್ದರೆ ಗೇಟಿನಲ್ಲಿ ನಿಮ್ಮ ದೊಡ್ಡ ಚೀಲಕ್ಕೆ ಟ್ಯಾಗ್ ಕಟ್ಟಿ ಕೆಳಗೆ ಹಾಕುತ್ತಾರೆ. ಎಟಿಆರ್ ಥರದ ಚಿಕ್ಕ ವಿಮಾನದಲ್ಲಿ ಮೇಲಿನ ಗೂಡು ಇನ್ನೂ ಚಿಕ್ಕದು. ಹಾಗೆ ಕೆಳಗೆ ಹೋಗುವ ಚೀಲದೊಳಗೆ ಪವರ್ ಬ್ಯಾಂಕ್ ಇರಲೇಬಾರದು, ಬ್ಯಾಟರಿಗೆ ಬೆಂಕಿ ಹತ್ತಿದರೆ ಕೆಳಗೆ ಆರಿಸಲು ಯಾರೂ ಇರುವುದಿಲ್ಲ. ಗೇಟಿನಲ್ಲಿ ಗಡಿಬಿಡಿಯಿಂದ ಚೀಲದ ತಳ ಕೆದಕುವ ಬದಲು ಪುಟ್ಟ ಚೀಲ ಎಳೆದುಕೊಂಡು ದೊಡ್ಡದನ್ನು ಕೊಟ್ಟುಬಿಡಿ.

ಮನೆಯಲ್ಲೇ ತೂಕ ನೋಡಿ. ತಕ್ಕಡಿ ಇಲ್ಲದಿದ್ದರೆ ದಿನಸಿ ಅಂಗಡಿಯಲ್ಲಿ ಕೇಳಿ, ಬೇಡ ಅನ್ನಲ್ಲ. ಕೋಲಾರ ಕಡೆಯ ಒಂದು ಕುಟುಂಬ ನನ್ನ ಕೌಂಟರ್ ಮುಂದೆ ನೆಲದ ಮೇಲೆ ಚೀಲ ಬಿಚ್ಚಿ ಕೂತಿತ್ತು. ರಾಗಿ ಹುರಿಹಿಟ್ಟು, ಹಿದುಕಿದ ಅವರೆಬೇಳೆ, ಒಂದು ಚಿಕ್ಕ ಕುಕ್ಕರ್, ತಳದಲ್ಲಿ ಡಯಾಪರ್ ಕಟ್ಟು. ತೂಕ ಇಳಿಸಿ ಅಂದಾಗ ಅಜ್ಜಿ ಹೊರಗೆ ತೆಗೆದಿಟ್ಟಿದ್ದು ಡಯಾಪರ್ ಕಟ್ಟನ್ನು. ಅವರೆಬೇಳೆ ಮುಟ್ಟಲೂ ಬಿಡಲಿಲ್ಲ.

ಮಾಲೂರು: ಮಗು ಜೊತೆಗಿದ್ದರೆ ತೂಕ ನೋಡುವುದೇ ಇಲ್ಲ ಅಂತ ಏಜೆಂಟ್ ಹೇಳಿದರು.

ದಂಡ ಬಿದ್ದರೆ ತಾವೇ ಕಟ್ಟುತ್ತೇವೆ ಅಂತ ಅವರಿಂದ ಬರೆಸಿಕೊಳ್ಳಿ.

ಗೌರಿಬಿದನೂರು: ಸೀಟಿಗೆ ದುಡ್ಡು ಕೊಡದಿದ್ದರೆ ಐದು ವರ್ಷದ ಮಗುವನ್ನು ಬೇರೆ ಕಡೆ ಕೂರಿಸುತ್ತಾರಂತೆ?

12 ವರ್ಷದೊಳಗಿನ ಮಕ್ಕಳಿಗೆ ಅಪ್ಪ ಅಥವಾ ಅಮ್ಮನ ಪಕ್ಕದಲ್ಲೇ ಸೀಟು ಕೊಡಬೇಕು ಅಂತ ವಿಮಾನ ಕಂಪನಿಗಳಿಗೆ ನಿಯಮ ಹಾಕುವ ಡಿಜಿಸಿಎ 2024ರಲ್ಲೇ ಹೇಳಿದೆ. ಎಲ್ಲರ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿರಬೇಕು, ಅಷ್ಟೇ.

ಶ್ರೀನಿವಾಸಪುರ: ಹೋಗುವಾಗ ಮಗುವಿಗೆ ಎರಡು ವರ್ಷ ತುಂಬಿರುವುದಿಲ್ಲ, ಬರುವಾಗ ತುಂಬಿರುತ್ತೆ.

ಬರುವುದಕ್ಕೆ ಸೀಟು ತಗೊಳ್ಳಿ. ಹುಟ್ಟಿದ ದಿನಾಂಕ ಮುಚ್ಚಿಡಬೇಡಿ, ದಾಖಲೆ ನೋಡುತ್ತಾರೆ.

ಚಿಂತಾಮಣಿ: ಮಗು ವಿಮಾನದಲ್ಲಿ ಅಳದೆ ಮಲಗಲಿ ಅಂತ ಮೆಡಿಕಲ್ ಶಾಪ್‌ನವರು ಶೀತದ ಸಿರಪ್ ಕೊಟ್ಟಿದ್ದಾರೆ. ಕೈಚೀಲದಲ್ಲಿ ಒಯ್ಯಬಹುದೇ?

ಒಯ್ಯುವ ಮಾತು ಹಾಗಿರಲಿ, ಕೊಡಲೇಬೇಡಿ. ಕ್ಲೋರ್ಫೆನಿರಮೈನ್, ಫಿನೈಲೆಫ್ರಿನ್ ಎರಡೂ ಇರುವ ಶೀತದ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿ ಹೇಳಿದ್ದಾರೆ. ಅಂಗಡಿಯವರು ಡಾಕ್ಟರ್ ಅಲ್ಲ, ನಾನೂ ಅಲ್ಲ. ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ. ಇಳಿಯುವಾಗ ಮಗು ಅಳುವುದು ಹೆಚ್ಚಾಗಿ ಕಿವಿ ಕಟ್ಟಿದ್ದಕ್ಕೆ. ಕಿವಿಗೆ ಹತ್ತಿ ಇಟ್ಟರೆ ಏನೂ ಪ್ರಯೋಜನವಿಲ್ಲ. ಆ ಹೊತ್ತಿಗೆ ಹಾಲು ಕುಡಿಸಿ, ನುಂಗಿದರೆ ಕಿವಿ ಬಿಡುತ್ತೆ. ಅದಕ್ಕೇ ಮೇಲೆ ಬಾಟಲಿ ಪುಟ್ಟ ಚೀಲದಲ್ಲಿರಲಿ ಅಂದಿದ್ದು.

ಕುಣಿಗಲ್: ಜಾತ್ರೆಯಲ್ಲಿ ಕೊಂಡ ಆಟದ ಪಿಸ್ತೂಲ್ ಮಗನ ಚೀಲದಲ್ಲಿದ್ದರೆ?

ಸೆಕ್ಯುರಿಟಿಯಲ್ಲಿ ತೆಗೆದಿಡುತ್ತಾರೆ, ಮಗ ಅಳುತ್ತಾನೆ. ಮನೆಯಲ್ಲೇ ಬಿಡಿ.

ತಿಪಟೂರು: ಮಗಳ ಬಾಣಂತನಕ್ಕೆ ಐದು ಕೆಜಿ ಕೊಬ್ಬರಿ ಒಯ್ಯಬೇಕು. ಕೈಚೀಲಕ್ಕೋ, ಚೆಕ್-ಇನ್‌ಗೋ?

ಎರಡಕ್ಕೂ ಬೇಡ. ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದಿದೆ. ಚೆಕ್-ಇನ್ ಲಗೇಜ್‌ನಲ್ಲಿ ಹಾಕಬಾರದು ಅಂತ 2022ರಲ್ಲೇ ನಿಯಮ ಬಂದಿದೆ. ತಿಪಟೂರಿನವರಿಗೆ ಕೊಬ್ಬರಿ ಬಿಟ್ಟು ಬನ್ನಿ ಅನ್ನೋದು ಕಷ್ಟ, ಗೊತ್ತು. ಲಾರಿಯಲ್ಲಿ ಹೋಗುವ ಪಾರ್ಸೆಲ್‌ಗೆ ಹಾಕಿ, ಒಂದು ವಾರ ಮೊದಲೇ. ಸ್ಪೀಡ್ ಪೋಸ್ಟ್ ಅನ್ನಬೇಡಿ, ದೂರದ ಊರಿಗೆ ಅದೂ ವಿಮಾನದಲ್ಲೇ ಹೋಗೋದು.