ಮಸೂರದ ಲೆಕ್ಕದಲ್ಲಿ ಸೈನ್ ಎಲ್ಲಿ ಮಾಯವಾಗುತ್ತದೆ?

ಕೋನ ಚಿಕ್ಕದಿದ್ದರೆ ಸೈನ್ ಬದಲು ಕೋನವನ್ನೇ ಹಾಕಬಹುದು ಅಂತಾರೆ, ಆದರೆ ಪುಸ್ತಕದ ಚಿತ್ರದಲ್ಲಿ ಕಿರಣ 30 ಡಿಗ್ರಿ ಬಾಗಿರುತ್ತದಲ್ಲ, ಇದು ಮೋಸವಲ್ಲವೇ ಅಂತ ಕೇಳಿದ್ದೀರಿ. ಚಿತ್ರದ ವಿಷಯ ಮೊದಲು ಮುಗಿಸಿಬಿಡೋಣ. ಕಣ್ಣಿಗೆ ಕಾಣಲಿ ಅಂತ ಅಲ್ಲಿ ಎತ್ತರವನ್ನು ಮಾತ್ರ ಹಿಗ್ಗಿಸಿ ಬರೆದಿರುತ್ತಾರೆ. ನಿಜವಾದ ಅಳತೆಯಲ್ಲಿ ಬರೆದರೆ ಕಿರಣಗಳೆಲ್ಲ ಅಕ್ಷಕ್ಕೆ (ಮಸೂರದ ನಟ್ಟನಡುವೆ ಹಾಯುವ ನೇರ ಗೆರೆ) ಅಂಟಿಕೊಂಡು ಒಂದೇ ಗೆರೆಯಂತೆ ಕಾಣುತ್ತವೆ.

ಸೈನ್ ಬದಲು ಕೋನ ಹಾಕುವುದು ಲೆಕ್ಕ ಸುಲಭ ಮಾಡಿಕೊಳ್ಳುವ ಉಪಾಯ ಅಷ್ಟೇ ಅಂತ ನಾನೂ ತುಂಬ ದಿನ ಅಂದುಕೊಂಡಿದ್ದೆ. ಆದರೆ ಗೋಳಾಕಾರದ ಮಸೂರಕ್ಕೆ ಒಂದೇ ಒಂದು ಸಂಗಮ ಬಿಂದು (ಸಮಾಂತರ ಕಿರಣಗಳು ಬಂದು ಸೇರುವ ಜಾಗ) ಇದೆ ಅನ್ನುವ ಮಾತೇ ಈ ಅಂದಾಜಿನ ಮೇಲೆ ನಿಂತಿದೆ.

ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬಿದ ಮಸೂರ ತೆಗೆದುಕೊಳ್ಳಿ. ವಕ್ರತಾ ತ್ರಿಜ್ಯ 50 ಮಿ.ಮೀ., ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1.5. ಅಕ್ಷಕ್ಕೆ ಸಮಾಂತರವಾದ ಕಿರಣ ಚಪ್ಪಟೆ ಬದಿಯಿಂದ ಒಳಬಂದರೆ ಅಲ್ಲಿ ಬಾಗುವುದಿಲ್ಲ, ಬಾಗುವುದೆಲ್ಲ ಉಬ್ಬಿದ ಬದಿಯಲ್ಲೇ. ಅಲ್ಲಿ ಪತನ ಕೋನದ (ಕಿರಣಕ್ಕೂ ಮೇಲ್ಮೈಯ ಲಂಬಕ್ಕೂ ನಡುವಿನ ಕೋನ) ಸೈನ್ ಅಂದರೆ ಎತ್ತರ (ಅಕ್ಷದಿಂದ ಕಿರಣದ ದೂರ) ÷ ತ್ರಿಜ್ಯ. ಸೈನ್ ಬಿಟ್ಟು ಕೋನವನ್ನೇ ಹಾಕಿದರೆ (ರೇಡಿಯನ್‌ನಲ್ಲಿ! ಡಿಗ್ರಿ ಹಾಕಿ ತಲೆ ಕೆಡಿಸಿಕೊಳ್ಳುವವರೇ ಹೆಚ್ಚು), ಸ್ನೆಲ್ ನಿಯಮದ (ಹೊರಬೀಳುವ ಕೋನದ ಸೈನ್ = ಸೂಚ್ಯಂಕ × ಪತನ ಕೋನದ ಸೈನ್) ಪ್ರಕಾರ ಹೊರಬೀಳುವ ಕೋನ ಅದರ 1.5 ಪಟ್ಟು. ಅಂದರೆ ಕಿರಣ ತಿರುಗಿದ್ದು ಪತನ ಕೋನದ 0.5 ಪಟ್ಟು. ಎತ್ತರವನ್ನು ಈ ತಿರುವಿನಿಂದ ಭಾಗಿಸಿದರೆ ಅಕ್ಷ ಮುಟ್ಟುವ ದೂರ: ಎತ್ತರ ÷ (0.5 × ಎತ್ತರ ÷ 50) = 50 ÷ 0.5 = 100 ಮಿ.ಮೀ. ಎತ್ತರ ಮೇಲೂ ಇತ್ತು, ಕೆಳಗೂ ಇತ್ತು, ಹೊಡೆದುಹೋಯಿತು. ಹಾಗಾಗಿ ಯಾವ ಎತ್ತರದ ಕಿರಣವಾದರೂ ಒಂದೇ ಜಾಗಕ್ಕೆ ಬಂದು ಸೇರುತ್ತದೆ.

ಈಗ ಸೈನ್ ಬಿಡದೆ ಲೆಕ್ಕ ಹಾಕಿ. ಉಬ್ಬಿದ ಬದಿಯ ನಡುಬಿಂದುವಿನಿಂದ ಅಳೆದರೆ 5 ಮಿ.ಮೀ. ಎತ್ತರದ ಕಿರಣ ಅಕ್ಷವನ್ನು 98.9 ಮಿ.ಮೀ. ದೂರದಲ್ಲಿ ಮುಟ್ಟುತ್ತದೆ, 10ರದ್ದು 95.4ರಲ್ಲಿ, 20ರದ್ದು 80.5ರಲ್ಲೇ. ಎತ್ತರ ಎರಡು ಪಟ್ಟಾದಾಗಲೆಲ್ಲ ಕೊರತೆ ಸುಮಾರು ನಾಲ್ಕು ಪಟ್ಟು. ಇದೇ ಗೋಳೀಯ ವಿಪಥನ. ಅಂಚಿನ ಕಿರಣಗಳನ್ನು ತಡೆದರೆ ಬಿಂಬ ಚುರುಕಾಗುವುದೂ ಇದಕ್ಕೇ.

ಎಷ್ಟು ಡಿಗ್ರಿವರೆಗೆ ನಂಬಬಹುದು? 10 ಡಿಗ್ರಿ ಅಂದರೆ 0.1745 ರೇಡಿಯನ್, ಅದರ ಸೈನ್ 0.1736, ವ್ಯತ್ಯಾಸ ಶೇ. 0.5. 30 ಡಿಗ್ರಿಗೆ ಅದು ಶೇ. 5ರ ಹತ್ತಿರ. ಆದರೆ ಈ ಶೇಕಡಾ ನೋಡಿ ಸಮಾಧಾನಪಡಬೇಡಿ. ಮೇಲಿನ 20 ಮಿ.ಮೀ. ಕಿರಣದ ಪತನ ಕೋನ 23.6 ಡಿಗ್ರಿ, ಅಲ್ಲಿ ಸೈನ್‌ನ ತಪ್ಪು ಶೇ. 3 ಮಾತ್ರ, ಸಂಗಮ ಮಾತ್ರ ಶೇ. 20ರಷ್ಟು ಸರಿದಿದೆ. ಹೊರಬೀಳುವ ಕೋನ 36.9 ಡಿಗ್ರಿಗೆ ಏರಿರುವುದು, ಎರಡು ಕೋನಗಳ ವ್ಯತ್ಯಾಸವೇ ತಿರುವಾಗಿರುವುದು, ಎರಡೂ ಸೇರಿ ತಪ್ಪನ್ನು ಹಿಗ್ಗಿಸುತ್ತವೆ.

ಅದೇ ಮಸೂರವನ್ನು ತಿರುಗಿಸಿ, ಉಬ್ಬಿದ ಬದಿಯನ್ನು ಸಮಾಂತರ ಕಿರಣಗಳಿಗೆ ಮುಖ ಮಾಡಿ ಇಟ್ಟು ನೋಡಿ. ಬಾಗುವ ಕೆಲಸವನ್ನು ಎರಡೂ ಮೇಲ್ಮೈಗಳು ಹಂಚಿಕೊಳ್ಳುತ್ತವೆ, ಕೋನಗಳು ಚಿಕ್ಕದಾಗುತ್ತವೆ, ವಿಪಥನ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ.